ಕುದುರೆ ಎದುರಾದರೆ ಮೊದಲು ಮಾತಾಡಿ

ಪ್ರಶ್ನೆ: ನಗರದ ದೊಡ್ಡ ಪಾರ್ಕಿನ ಕಾಡುದಾರಿಯಲ್ಲಿ ದಿನಾ ನಡೆಯುತ್ತೇನೆ. ಅದೇ ದಾರಿಯಲ್ಲಿ ಕುದುರೆ ಸವಾರರೂ ಬರುತ್ತಾರೆ. ಕುದುರೆ ಕಂಡ ಕೂಡಲೇ ಅದಕ್ಕೆ ತೊಂದರೆ ಆಗದಿರಲಿ ಅಂತ ಸದ್ದಿಲ್ಲದೆ ಮರದ ಹಿಂದೆ ನಿಲ್ಲುತ್ತೇನೆ. ಆದರೂ ಮೊನ್ನೆ ಒಂದು ಕುದುರೆ ಬೆಚ್ಚಿ ಪಕ್ಕಕ್ಕೆ ಜಿಗಿಯಿತು. ಸವಾರರು ಬೀಳುವುದರಲ್ಲಿದ್ದರು. ಯಾಕೆ ಹೀಗಾಯಿತು?

ಉತ್ತರ: ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಕುದುರೆಯನ್ನು ಹೆದರಿಸಿದ್ದು ಆ ಮರೆ ಮತ್ತು ಆ ಮೌನ. ಕುದುರೆ ಎಷ್ಟೇ ದೊಡ್ಡದಿರಲಿ, ಅದು ಬೇರೆ ಪ್ರಾಣಿಗಳಿಗೆ ಬೇಟೆಯಾಗುತ್ತಿದ್ದ ಜೀವ. ಓಡಿಯೇ ಬದುಕಿ ಉಳಿದ ಜಾತಿ. ಮರದ ಮರೆಯಲ್ಲಿ ಅಲುಗಾಡದೆ ಹೊಂಚು ಹಾಕುವುದು ಬೇಟೆಯಾಡುವ ಪ್ರಾಣಿ, ಅಲ್ವಾ? ನೀವು ನಿಂತದ್ದೂ ಅದಕ್ಕೆ ಹಾಗೆಯೇ ಕಂಡಿದೆ.

ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ತಲೆ ತಿರುಗಿಸದೆಯೇ ಅದಕ್ಕೆ ಸುತ್ತಲೂ ಸುಮಾರು 350 ಡಿಗ್ರಿಯಷ್ಟು ಕಾಣುತ್ತದೆ. ಕಾಣದೇ ಇರುವುದು ಬಾಲದ ನೇರ ಹಿಂದೆ ಮತ್ತು ಮೂತಿಯ ಮುಂದಿನ ಸ್ವಲ್ಪ ಜಾಗ ಮಾತ್ರ. ಆದರೆ ನಮ್ಮಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಬಿಸಿಲಿನಿಂದ ನೆರಳಿಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು. ಕಾಡುದಾರಿಯಲ್ಲಿ ಹೆಜ್ಜೆಗೊಮ್ಮೆ ಬಿಸಿಲು, ನೆರಳು. ಅದರ ಮೇಲೆ ನಿಮ್ಮ ಬೆನ್ನಲ್ಲಿ ದೊಡ್ಡ ಬ್ಯಾಗು, ತಲೆಗೆ ಅಗಲ ಟೋಪಿ ಇದ್ದರೆ ಇದು ಮನುಷ್ಯ ಅಂತಲೇ ಅದಕ್ಕೆ ತಿಳಿಯದೆ ಹೋಗಬಹುದು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ: ಮಾತಾಡಿ. ಕುದುರೆಗೆ ಮನುಷ್ಯರ ದನಿ ಚೆನ್ನಾಗಿ ಗೊತ್ತು. ದಾರಿಯ ಪಕ್ಕಕ್ಕೆ ಸರಿದು, ಕಾಣುವ ಹಾಗೆ ನಿಂತು, "ನಮಸ್ಕಾರ, ನಾನು ಇಲ್ಲೇ ನಿಂತರೆ ಆಗುತ್ತಾ?" ಎಂದು ಮಾಮೂಲಿ ದನಿಯಲ್ಲಿ ಸವಾರರನ್ನು ಕೇಳಿ. ಅವರು ಉತ್ತರ ಕೊಡುತ್ತಾರೆ. ಆ ಹೊತ್ತಿಗೆ ಕುದುರೆಯ ಕಿವಿ ನಿಮ್ಮ ಕಡೆ ತಿರುಗಿರುತ್ತದೆ, ಕತ್ತು ಸಡಿಲವಾಗಿರುತ್ತದೆ. ಕತ್ತು ಎತ್ತಿ, ಮೈ ಬಿಗಿಹಿಡಿದು ನಿಂತಿದ್ದರೆ ಅದಕ್ಕೆ ಇನ್ನೂ ಅನುಮಾನ ಹೋಗಿಲ್ಲ. ಮಾತು ಮುಂದುವರಿಸಿ, ಹೆಜ್ಜೆ ಕದಲಿಸಬೇಡಿ.

ಇಳಿಜಾರಿನ ದಾರಿಯಾದರೆ ಕೆಳಗಿನ ಬದಿಗೆ ಸರಿಯುವುದು ರೂಢಿ. ಬೆಚ್ಚಿದ ಕುದುರೆ ಸಾಮಾನ್ಯವಾಗಿ ಏರಿನ ಕಡೆಗೇ ನುಗ್ಗುತ್ತದೆ. ಮೇಲೆ ನಿಂತವರು ಅದಕ್ಕೆ ಇನ್ನೂ ದೊಡ್ಡದಾಗಿ ಕಾಣುತ್ತಾರೆ. ಆದರೆ ಕೆಳಬದಿ ಕಡಿದಾಗಿದ್ದರೆ ರೂಢಿಯನ್ನು ಬಿಡಿ, ನಿಮ್ಮ ಕಾಲು ಗಟ್ಟಿಯಾಗಿ ಊರುವ ಕಡೆ ನಿಲ್ಲಿ. ಗುಂಪಾಗಿ ಹೋಗುತ್ತಿದ್ದರೆ ಎಲ್ಲರೂ ಒಂದೇ ಬದಿಗೆ ಸರಿಯಬೇಕು. ಇಕ್ಕೆಲದಲ್ಲೂ ಜನ ನಿಂತರೆ ಕುದುರೆಗೆ ಸಿಕ್ಕಿಬಿದ್ದಂತೆ ಅನ್ನಿಸುತ್ತದೆ.

ಇದೆಲ್ಲ ನಡೆಯುವವರ ಹೊಣೆ ಮಾತ್ರ ಅಲ್ಲ. ಜನ ಕಂಡ ಕೂಡಲೇ ಸವಾರರು ಕುದುರೆಯನ್ನು ನಡಿಗೆಗೆ ಇಳಿಸಲೇಬೇಕು. ಮುಂದೇನಿದೆ ಎಂದು ಕಾಣದ ತಿರುವಿನಲ್ಲಿ ಓಡಿಸುವುದು ಸವಾರರದೇ ತಪ್ಪು.

ಪ್ರಶ್ನೆ: ಹಿಂದಿನಿಂದ ಬಂದು ಕುದುರೆಯನ್ನು ದಾಟಬೇಕಾದರೆ? ನನ್ನ ಜೊತೆ ನಾಯಿಯೂ ಇರುತ್ತದೆ.

ಉತ್ತರ: ದೂರದಿಂದಲೇ ಕೂಗಿ ಹೇಳಿ. ಸವಾರರು ತಿರುಗಿ ನೋಡಿ, ಕುದುರೆಯನ್ನು ನಿಲ್ಲಿಸಿ, ಬನ್ನಿ ಅನ್ನುವವರೆಗೆ ಎರಡು ಕುದುರೆಯಷ್ಟು ಉದ್ದದ ಅಂತರ ಇರಲಿ. ಹಿಂಗಾಲಿನ ಒದೆತ ತುಂಬಾ ದೂರ ಚಾಚುತ್ತದೆ. ಸವಾರಿ ಕುದುರೆಯ ತೂಕ ಸಾಮಾನ್ಯವಾಗಿ 400 ಕೆ.ಜಿ. ದಾಟಿರುತ್ತದೆ ಅನ್ನುವುದನ್ನು ಮರೆಯಬೇಡಿ. ನಾಯಿಯ ಹಗ್ಗವನ್ನು ಗಿಡ್ಡ ಹಿಡಿದು, ಕುದುರೆ ಇಲ್ಲದ ಪಕ್ಕದಲ್ಲಿ ನಡೆಸಿ. ಎಷ್ಟೇ ಸಾಧು ನಾಯಿಯಾದರೂ ಬಿಟ್ಟುಬಿಡಬೇಡಿ. ಕುದುರೆ ಹತ್ತಿರ ಇರುವಾಗ ಕೊಡೆಯನ್ನು ಫಟ್ಟನೆ ಬಿಚ್ಚಬೇಡಿ. ಮಕ್ಕಳಿಗೆ ಕುದುರೆ ಮುಟ್ಟುವ ಆಸೆಯಾದರೆ ಮೊದಲು ಸವಾರರನ್ನು ಕೇಳಲಿ.

ಪ್ರಶ್ನೆ: ಸವಾರರಿಲ್ಲದ ಕುದುರೆ ಓಡಿ ಬಂದರೆ ಹಿಡಿಯಬೇಕೇ?

ಉತ್ತರ: ಬೇಡ. ಅಡ್ಡ ನಿಂತು ಕೈ ಬೀಸಬೇಡಿ, ಬೆನ್ನಟ್ಟಲೂಬೇಡಿ. ದಾರಿ ಬಿಟ್ಟು ನಿಲ್ಲಿ. ಅದು ಹೋದ ಮೇಲೆ, ಬಂದ ಕಡೆಗೆ ನಡೆದು ಹುಡುಕಿ. ಸವಾರರು ಅಲ್ಲೆಲ್ಲೋ ಬಿದ್ದಿರಬಹುದು. ತಲೆಗೋ ಬೆನ್ನಿಗೋ ಪೆಟ್ಟಾದ ಹಾಗಿದ್ದರೆ ಅವರನ್ನು ಎತ್ತಿ ಕೂರಿಸಬೇಡಿ, ಹೆಲ್ಮೆಟ್ಟನ್ನೂ ತೆಗೆಯಬೇಡಿ. ಮೊದಲು ಆಂಬುಲೆನ್ಸ್‌ಗೆ, ಆಮೇಲೆ ಪಾರ್ಕಿನ ಸಿಬ್ಬಂದಿಗೆ ಫೋನ್ ಮಾಡಿ. ಕುದುರೆ ಯಾವ ದಿಕ್ಕಿಗೆ ಹೋಯಿತು ಅನ್ನುವುದನ್ನೂ ಸಿಬ್ಬಂದಿಗೆ ತಿಳಿಸಿ.