ಮೈ ಇಲ್ಲಿ, ಗಡಿಯಾರ ಊರಲ್ಲಿ

ಗುರುತು ಸಿಗೋ ವಿವರ ಎಲ್ಲಾ ತೆಗೆದು, ಅವಳ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ. ಮಾಸ್ಟರ್ಸ್ ಓದೋಕೆ ಬೇರೆ ದೇಶದಿಂದ ಬಂದ ಹುಡುಗಿ, ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ರ ಬಂದಾಗ ಅವಳು ಇಲ್ಲಿಗೆ ಬಂದು ಎಂಟನೇ ವಾರ. "ಮೇಡಂ, ನಂಗೇನೂ ಪ್ರಾಬ್ಲಂ ಇಲ್ಲ, ನಿದ್ದೆ ಮಾತ್ರ ಬರಲ್ಲ" ಅಂದ್ಲು.

ಯಾವಾಗ ಮಲಗ್ತೀಯಮ್ಮ ಅಂದ್ರೆ ಬೆಳಗಿನ ಜಾವ ನಾಲ್ಕಕ್ಕಂತೆ. ಅವಳ ಮನೆಯವರು ಏಳೋ ಹೊತ್ತಿಗೆ ಇಲ್ಲಿ ನಡುರಾತ್ರಿ, ವಿಡಿಯೋ ಕಾಲ್ ಹಾಕಿ ಫೋನ್ ಗೋಡೆಗೆ ಒರಗಿಸಿಟ್ರೆ ಮೂರು ನಾಲ್ಕು ಗಂಟೆ ಹಾಗೇ ಓಡ್ತಿರುತ್ತೆ, ಮಾತೂ ಜಾಸ್ತಿ ಇಲ್ಲ, ಅಲ್ಲಿನ ಪಾತ್ರೆ ಸದ್ದು ಕೇಳ್ತಾ ಕೂರೋದು ಅಷ್ಟೇ. ಬೆಳಿಗ್ಗೆ ಕ್ಲಾಸ್ ಮಿಸ್, ಆಮೇಲೆ ರೆಕಾರ್ಡಿಂಗ್. ಇನ್ನೊಂದು ವಿಷಯ ಬಾಯಿಬಿಡೋಕೆ ಅವಳಿಗೆ ಎರಡು ಸೆಷನ್ ಬೇಕಾಯ್ತು: ಮೊದಲನೇ ವಾರ ಒಂದೇ ದಿನ ಸಿಟಿ ಸುತ್ತಿ ತೆಗೆದ ಫೋಟೋಗಳನ್ನ ವಾರಕ್ಕೆ ಎರಡರಂತೆ ಅಮ್ಮಂಗೆ ಕಳಿಸ್ತಿದ್ಲು. ಅಮ್ಮನ ಲೆಕ್ಕದಲ್ಲಿ ಮಗಳು ಆರಾಮಾಗಿ ಸುತ್ತಾಡ್ತಿದಾಳೆ.

ಊಟ, ಬೇಜಾರು, ಸಾಯೋ ಯೋಚನೆ ಏನಾದ್ರೂ ಬರುತ್ತಾ ಅಂತೆಲ್ಲ ನೇರವಾಗೇ ಕೇಳ್ದೆ, ಅಂಥದ್ದೇನೂ ಇರ್ಲಿಲ್ಲ. ಇದ್ದಿದ್ರೆ ಮೊದಲು ಡಾಕ್ಟರ್ ಹತ್ರ ಕಳಿಸ್ತಿದ್ದೆ. ಅವಳನ್ನ ಕೊರೀತಿದ್ದಿದ್ದು ಬೇರೆ, ಮೊದಲ ತಿಂಗಳುಗಳು ಹನಿಮೂನ್ ಥರ ಇರುತ್ತೆ ಅಂತ ಎಲ್ಲೋ ಓದಿದ್ಲು, ತನಗೆ ಹಾಗನ್ಸಿಲ್ಲ ಅಂದ್ಮೇಲೆ ತನ್ನಲ್ಲೇ ಏನೋ ಕೊರತೆ ಅಂದ್ಕೊಂಡಿದ್ಲು. ಆ ಹನಿಮೂನ್ ಮಾತು ಓಬರ್ಗ್ ಅನ್ನೋ ಮಾನವಶಾಸ್ತ್ರಜ್ಞ 1960ರಲ್ಲಿ ಕಲ್ಚರ್ ಶಾಕ್, ಅಂದ್ರೆ ಹೊಸ ದೇಶದ ರೀತಿನೀತಿಗೆ ಒಗ್ಗದೆ ಆಗೋ ತಳಮಳದ ಬಗ್ಗೆ ಬರೆದಿದ್ದು, ತನ್ನ ಅನುಭವದಿಂದ. ಆಮೇಲೆ 1998ರಲ್ಲಿ ನ್ಯೂಜಿಲೆಂಡಿಗೆ ಓದೋಕೆ ಹೋದ ಜಪಾನಿ ವಿದ್ಯಾರ್ಥಿಗಳನ್ನ ಬಂದಿಳಿದ ದಿನದಿಂದ ವರ್ಷದವರೆಗೂ ಕೇಳ್ಕೊಂಡು ಹೋದಾಗ ಶುರುವಲ್ಲೇ ಜಾಸ್ತಿ ಕಷ್ಟ ಅಂತ ಬಂತು. ಇದನ್ನ ಹೇಳ್ದಾಗ "ಅಂದ್ರೆ ನಾನು ನಾರ್ಮಲ್ಲಾ?" ಅಂತ ಅತ್ತೇಬಿಟ್ಲು.

ಈಗ ನನ್ನ ತಪ್ಪು. ಯಾವುದಾದ್ರೂ ಕ್ಲಬ್ ಸೇರು ಅಂದೆ, ಎಲ್ರೂ ಹೇಳೋದೇ ಅಲ್ವಾ. ಹೋದ್ಲು, ನಲವತ್ತು ಜನರ ಗದ್ದಲ, ಎಕ್ಸಾಮಲ್ಲಿ ಒಳ್ಳೆ ಸ್ಕೋರ್ ಬಂದಿದ್ದ ಇಂಗ್ಲಿಷ್ ಅಲ್ಲಿ ಪಟಪಟ ಹಾರೋ ಜೋಕಿನ ಮುಂದೆ ನಿಲ್ಲಲಿಲ್ಲ, ಹದಿನೈದು ನಿಮಿಷಕ್ಕೆ ವಾಪಸ್, ಮುಂದಿನ ಸೆಷನ್ನಿಗೂ ಬರಲಿಲ್ಲ.

ಮತ್ತೆ ಬಂದಾಗ ಸಣ್ಣದಕ್ಕೆ ಇಳಿದೆ. ಕಾಲ್ ನಿಲ್ಲಿಸು ಅನ್ನಲಿಲ್ಲ, ಅವರ ರಾತ್ರಿ ಅಂದ್ರೆ ಇಲ್ಲಿನ ಮಧ್ಯಾಹ್ನಕ್ಕೆ ಸರಿಸು, ಅರ್ಧ ಗಂಟೆ ಸಾಕು ಅಂದೆ. ಎದ್ದ ತಕ್ಷಣ ಹೊರಗೆ ಬೆಳಕಲ್ಲಿ ಇಪ್ಪತ್ತು ನಿಮಿಷ ನಡಿ, ದೇಹದ ಗಡಿಯಾರ ತಿರುಗೋದು ಮುಖ್ಯವಾಗಿ ಬೆಳಕಿಂದಾನೇ. ಮತ್ತೆ ಲಾಂಡ್ರಿ, ಅವಳಿರೋ ಕಟ್ಟಡದಲ್ಲಿ ಎಲ್ರೂ ಬಟ್ಟೆ ಒಗೆಯೋ ಮಷೀನ್ ರೂಮು. ಯಾರೂ ಇರಬಾರ್ದು ಅಂತ ನಡುರಾತ್ರಿ ಹೋಗ್ತಿದ್ಲು, ಅದನ್ನ ಭಾನುವಾರ ಸಂಜೆ ಆರಕ್ಕೆ ಮಾಡು, ವಾರಾವಾರ ಅದೇ ಟೈಮ್, ಮಾತಾಡಲೇಬೇಕು ಅಂತಿಲ್ಲ, ಮುಖ ಪರಿಚಯ ಆಗ್ಲಿ.

ಪರಿಚಯದವರು ಒಂದಿಷ್ಟು ಫ್ರೆಂಡ್ಸ್ ಅನ್ನಿಸ್ಕೊಳ್ಳೋಕೆ ಜೊತೆಯಲ್ಲಿ ಸುಮಾರು 50 ಗಂಟೆ ಕಳೀಬೇಕು, ಆಪ್ತರಾಗೋಕೆ 200ಕ್ಕೂ ಮೇಲೆ ಅಂತ ಜೆಫ್ರಿ ಹಾಲ್ ಅನ್ನೋ ಸಂಶೋಧಕರ ಸ್ಟಡಿ ಇದೆ, ಅದನ್ನೂ ಹೇಳ್ದೆ. ಅವಳು ಫೋನಲ್ಲಿ ಲೆಕ್ಕ ಹಾಕಿ, "ಮಷೀನ್ ನಲವತ್ತು ನಿಮಿಷ, 50 ಗಂಟೆಗೆ 75 ವಾರ ಆಗುತ್ತೆ ಮೇಡಂ, ಅಷ್ಟರಲ್ಲಿ ನನ್ನ ಕೋರ್ಸೇ ಮುಗಿಯುತ್ತೆ" ಅಂದ್ಲು. ಅವಳು ನಕ್ಕಿದ್ದನ್ನ ನಾನು ನೋಡಿದ್ದು ಅವತ್ತೇ ಮೊದಲು.

ಅಮ್ಮಂಗೆ ನಿಜ ಹೇಳೋ ವಿಷಯ ಇನ್ನೂ ಬಾಕಿ ಇದೆ, ನಾನೂ ಅವಸರ ಮಾಡ್ತಿಲ್ಲ. ಆದ್ರೆ ಹಳೇ ಫೋಟೋ ಕಳಿಸೋದು ನಿಂತಿದೆ. ಹೋದ ವಾರ ಮೆಸೇಜ್ ಬಂತು, ಜ್ವರ ಅಂತ ಒಂದು ಭಾನುವಾರ ಲಾಂಡ್ರಿಗೆ ಹೋಗಿರ್ಲಿಲ್ವಂತೆ, ಮೂರನೇ ಮಹಡಿ ಹುಡುಗಿ ಕಾರಿಡಾರಲ್ಲಿ ನಿಲ್ಲಿಸಿ ಯಾಕೆ ಕಾಣಲಿಲ್ಲ ಅಂತ ಕೇಳಿದ್ಲಂತೆ.