ಘಾಟ್ಕೋಪರ್‌ನ ರೂಮಿನಲ್ಲಿ ಒಂದು ಲೋಟ ಕಾಫಿ

ನೀನು ಬರೆದದ್ದನ್ನು ಎರಡು ಸಲ ಓದಿದೆ ಕಣಮ್ಮ. ಕೊಪ್ಪದಿಂದ ಮುಂಬೈಗೆ ಬಂದು ಘಾಟ್ಕೋಪರ್‌ನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಹಿಡಿದಿದ್ದೀಯ. ಬೆಳಿಗ್ಗೆ ಇನ್‌ಸ್ಟಂಟ್ ಕಾಫಿ ಕುಡಿದರೆ ಬಾಯೆಲ್ಲ ಕಹಿ, ಅದನ್ನು ಅಮ್ಮನಿಗೆ ಹೇಳೋಕೂ ಸಂಕೋಚ, ದೀಪಾವಳಿಗೆ ಊರಿಗೆ ಹೋದಾಗ ಫಿಲ್ಟರ್ ತರಲೋ ಬೇಡವೋ ಅಂತ ಕೇಳಿದ್ದೀಯ. ನಾನು ಅರಸೀಕೆರೆ ಬಿಟ್ಟು ಇಪ್ಪತ್ಮೂರು ವರ್ಷವಾಯಿತು, ಡೊಂಬಿವಲಿಯಲ್ಲಿದ್ದೀನಿ. ಲೋಕಲ್ ಟ್ರೇನಿನ ನೂಕುನುಗ್ಗಲು, ಬಾಡಿಗೆ, ಮಳೆ ಎಲ್ಲ ನಾಲ್ಕು ತಿಂಗಳಲ್ಲಿ ತಾನಾಗಿ ರೂಢಿಯಾಗುತ್ತೆ. ಕಾಫಿ ಮಾತ್ರ ತಾನಾಗಿ ಸರಿಹೋಗಲ್ಲ, ನಾವೇ ಸರಿಮಾಡಿಕೊಳ್ಳಬೇಕು. ಅದಕ್ಕೇ ಅದೊಂದನ್ನು ಬಿಡಿಸಿ ಬರೀತೀನಿ.

ಮೊದಲು ಆ ಸಂಕೋಚ ಬಿಡು. ದೇಶದ ಕಾಫಿಯಲ್ಲಿ ನೂರಕ್ಕೆ 70ರಷ್ಟು ಬೆಳೆಯೋದು ನಮ್ಮ ಕರ್ನಾಟಕದಲ್ಲೇ. ನೆಸ್ಲೆಯವರ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಇರೋದೂ ನಮ್ಮ ನಂಜನಗೂಡಿನಲ್ಲೇ. ಬ್ರೆಜಿಲ್‌ನಲ್ಲಿ ಮಾರಾಟವಾಗದೆ ರಾಶಿ ಬಿದ್ದ ಕಾಫಿ ಹಾಳಾಗಬಾರದು ಅಂತ ಅದೇ ಕಂಪನಿಯವರು ವರ್ಷಗಟ್ಟಲೆ ಒದ್ದಾಡಿ 1938ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನೆಸ್‌ಕೆಫೆ ಹೊರತಂದರು. ಇದು ಸೋಮಾರಿಗಳಿಗೆ ಅಂತ ಹುಟ್ಟಿದ ಪುಡಿ ಅಲ್ಲ.

ಇನ್ನು ಕಹಿ. ಕುದಿಯೋ ಹಾಲಿಗೆ ಪುಡಿ ಹಾಕಿ ಇನ್ನೊಂದು ಕುದಿ ಬರಿಸ್ತೀನಿ ಅಂತ ಬರೆದಿದ್ದೀಯಲ್ಲ, ತಪ್ಪಿರೋದು ಅಲ್ಲೇ. ಇನ್‌ಸ್ಟಂಟ್ ಅಂದರೆ ಆಗಲೇ ಇಳಿಸಿದ ಡಿಕಾಕ್ಷನ್ನು. ಅದನ್ನು ಬಿಸಿ ಗಾಳಿಯಲ್ಲಿ ಸಿಂಪಡಿಸಿ ನೀರೆಲ್ಲ ಆರಿಸಿ ಪುಡಿ ಮಾಡಿರ್ತಾರೆ. ನಿಮ್ಮನೇಲಿ ಡಿಕಾಕ್ಷನ್ ಕುದಿಸ್ತಾರಾ? ಇಲ್ಲವಲ್ಲ. ಇದನ್ನೂ ಕುದಿಸಬೇಡ. ಲೋಟಕ್ಕೆ ಒಂದು ಚಿಕ್ಕ ಚಮಚ ಪುಡಿ, ಅದು ಕರಗುವಷ್ಟು ಬೆಚ್ಚನೆ ನೀರು. ಉಕ್ಕಿದ ಹಾಲನ್ನು ಒಲೆಯಿಂದ ಇಳಿಸಿ, ಅರ್ಧ ನಿಮಿಷ ಬಿಟ್ಟು, ಎತ್ತರದಿಂದ ಹೊಯ್ಯಿ. ಆಮೇಲೆ ಎರಡು ಸಲ ಆರಿಸು. ಹಾಲು ಗೋಕುಲ್ ಬ್ರ್ಯಾಂಡಿನ ಎಮ್ಮೆ ಹಾಲಾದರೆ ಇನ್ನೂ ಒಳ್ಳೇದು.

ಬಾಟಲಿ ಕೊಳ್ಳುವಾಗ ಹಿಂದಿನ ಚೀಟಿ ಓದು. ನೆಸ್‌ಕೆಫೆ ಕ್ಲಾಸಿಕ್ ಬರೀ ಕಾಫಿ. ಬ್ರೂ ಇನ್‌ಸ್ಟಂಟ್, ಸನ್‌ರೈಸ್‌ನಲ್ಲಿ ಚಿಕೋರಿ ಸೇರಿರುತ್ತೆ. ಚಿಕೋರಿ ಹಾಕಿದ ಪುಡಿ ಕುಡಿದು ಬೆಳೆದ ನಾಲಿಗೆಗೆ ಈ ಎರಡನೇ ಬಗೆಯೇ ಮನೆ ಕಾಫಿಗೆ ಹತ್ತಿರ. ನಾನು ಕ್ಲಾಸಿಕ್‌ನಲ್ಲಿ ವರ್ಷಗಟ್ಟಲೆ ಮನೆ ರುಚಿ ಹುಡುಕಿ ಬೇಸತ್ತಿದ್ದೆ.

ಜುಲೈ ಬಂದರೆ ಬಾಟಲಿ ಜೋಪಾನ. ಮೊದಲ ವರ್ಷ ನನಗೆ ಯಾರೂ ಹೇಳಿಕೊಡಲಿಲ್ಲ. ಹಾಲು ಕುದಿಯೋ ಪಾತ್ರೆ ಮೇಲೇ ಮುಚ್ಚಳ ತೆಗೆದು ಪುಡಿ ಹಾಕ್ತಿದ್ದೆ. ಆವಿ ಒಳಗೆ ಹೋಗಿ ಮೊದಲು ಅಂಟಾಯಿತು, ವಾರ ಕಳೆಯೋಷ್ಟರಲ್ಲಿ ಕರಿ ಬೆಲ್ಲದ ಹಾಗೆ ತಳಕ್ಕೆ ಕಚ್ಚಿಕೊಂಡಿತು. ಚಾಕುವಿನಲ್ಲಿ ಕೆತ್ತೋಕೆ ಹೋಗಿ ಬಾಟಲಿ ಕೈಜಾರಿ ಚೂರುಚೂರು. ಸಂಬಳ ಬರೋಕೆ ಇನ್ನೂ ಒಂಬತ್ತು ದಿನವಿತ್ತು, ನೆಲದ ಮೇಲೆ ಕೂತು ಅತ್ತಿದ್ದೆ. ನೀರೆಲ್ಲ ಕಳಕೊಂಡ ಪುಡಿ ಅದು, ಗಾಳಿಯಲ್ಲಿರೋ ತೇವವನ್ನು ಎಳಕೊಳ್ಳದೆ ಬಿಡಲ್ಲ. ಅದಕ್ಕೇ ಒಲೆಯಿಂದ ದೂರ ಇಡು, ಒಣ ಚಮಚ ಹಾಕು. ಮಳೆಗಾಲದಲ್ಲಿ ದೊಡ್ಡ ಬಾಟಲಿ ಬೇಡ, ಚಿಕ್ಕ ಸ್ಯಾಷೆಗಳೇ ಸಾಕು. ಫ್ರಿಜ್ಜಿನಲ್ಲೂ ಇಡಬೇಡ, ತಣ್ಣಗಿನ ಬಾಟಲಿ ಹೊರಗೆ ತೆಗೆದ ಕೂಡಲೇ ಬೆವರುತ್ತೆ.

ನಿನ್ನ ರೂಮಿನ ಹುಡುಗಿಯರು ಮಾಡೋ ‘ಫೇಂಟಿ ಹುಯಿ ಕಾಫಿ’ಯನ್ನೂ ಕಲಿ. ಪುಡಿ, ಸಕ್ಕರೆ, ನಾಲ್ಕೇ ಹನಿ ನೀರು ಹಾಕಿ ಚಮಚದಲ್ಲಿ ಬಡಿಯೋದು. ಕಪ್ಪು ಅಂಟು ನೋಡನೋಡುತ್ತಾ ಗೋಧಿ ಬಣ್ಣಕ್ಕೆ ತಿರುಗಿ ಉಬ್ಬುತ್ತೆ. ಭಾನುವಾರ ಸಂಜೆ ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲಿ ನಿಂತರೆ ಮೂರು ಮನೆಯಿಂದಾದರೂ ಆ ಟಕಟಕ ಸದ್ದು ಕೇಳುತ್ತೆ.

ಎದುರು ಮನೆಯ ಕಾಕೂ ಕಾಫಿಗೆ ಜಾಯಿಕಾಯಿ ತುರೀತಾರೆ, ಮರಾಠಿ ಮನೆಗಳಲ್ಲಿ ಅದು ರೂಢಿ. ಮೊದಲ ಸಲ ಕೊಟ್ಟಾಗ ಲೋಟ ಹಿಡಿದು ಸುಮ್ಮನೆ ಕೂತುಬಿಟ್ಟೆ. ನಮ್ಮ ಕಡೆ ಜಾಯಿಕಾಯಿ ಅಂದರೆ ಎಳೆ ಮಗುವಿಗೆ ನಿದ್ದೆ ಬರಲಿ ಅಂತ ತೇಯ್ದು ನೆಕ್ಕಿಸೋದು ತಾನೇ? ಕಾಫಿ ಲೋಟದಿಂದ ಬಾಣಂತಿ ಕೋಣೆಯ ವಾಸನೆ. ಅಮ್ಮನ ನೆನಪಾಗಿ ಗಂಟಲು ಕಟ್ಟಿತು. ಈಗ ಸಂಜೆ ಕಾಫಿಗೆ ನಾನೇ ಎರಡು ಸುತ್ತು ತುರಿದು ಹಾಕ್ತೀನಿ. ಹೊಸ ಊರಿನ ರುಚಿ ಅಂತ ದೂರ ಮಾಡಬೇಡ, ಯಾರಾದರೂ ಕರೆದು ಕೊಟ್ಟರೆ ಕುಡಿ.

ಫಿಲ್ಟರ್ ಖಂಡಿತ ತಾ. ಘಾಟ್ಕೋಪರ್‌ನಿಂದ ಸ್ಲೋ ಗಾಡಿ ಹತ್ತಿದರೆ ನಾಲ್ಕನೇ ಸ್ಟೇಷನ್ ಮಾಟುಂಗಾ. ಅಲ್ಲಿ ಮೈಸೂರು ಕನ್ಸರ್ನ್ಸ್‌ನಲ್ಲಿ ಕಾಫಿ ಪುಡಿ ಸಿಗುತ್ತೆ. 1926ರಲ್ಲಿ ಶುರುವಾದ ನಮ್ಮ ಮೈಸೂರು ಅಸೋಸಿಯೇಷನ್ನೂ ಅಲ್ಲೇ ಇದೆ, ಹೋದರೆ ಕನ್ನಡ ಕಿವಿಗೆ ಬೀಳುತ್ತೆ. ನನ್ನ ಹಿತ್ತಾಳೆ ಫಿಲ್ಟರ್ ಇಳಿಯೋದು ಭಾನುವಾರ ಮಾತ್ರ. ಉಳಿದ ಆರು ದಿನ ಬೆಳಿಗ್ಗೆ ಐದೂವರೆಗೆ ಇನ್‌ಸ್ಟಂಟ್ ಕಾಫಿನೇ, ಕಿಟಕಿ ಪಕ್ಕ ನಿಂತು, ಟ್ರೇನಿಗೆ ಓಡೋ ಮುಂಚೆ ಪೂರ್ತಿ ಹತ್ತು ನಿಮಿಷ. ಆ ಹೊತ್ತಿನಲ್ಲಿ ಫೋನ್ ಕೂಡ ಎತ್ತಲ್ಲ.

ನಾಳೆ ಬೆಳಿಗ್ಗೆ ಹಾಲು ಇಳಿಸಿ ಹೊಯ್ದು ನೋಡಿ, ಹೇಗಾಯಿತು ಅಂತ ಬರಿ.