ಅಜ್ಜನ ಮಾತ್ರೆ ಮತ್ತು ಡಿ-ಎಪಿ5: ಹೊಸ ಲೇಖಕರೊಬ್ಬರಿಗೆ ಉತ್ತರ

ಆತ್ಮೀಯರೇ, ನಮಸ್ಕಾರ.

ಗೋಣಿಕೊಪ್ಪಲಿನಿಂದ ನೀವು ಕಳುಹಿಸಿದ ‘ನೆನಪು ಅಳಿಸುವ ಔಷಧಿ’ ಲೇಖನ ಈಗಿರುವ ರೂಪದಲ್ಲಿ ನಮ್ಮ ವಿಜ್ಞಾನ ಪುಟಕ್ಕೆ ಒಗ್ಗುವುದಿಲ್ಲ. ಹಾಗೆಂದು ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸಲು ಮನಸ್ಸು ಬರಲಿಲ್ಲ. ಬರೆಯಲೇಬೇಕಾದ ವಿಷಯವೊಂದು ನಿಮ್ಮ ಕೈಯಲ್ಲಿದೆ. ಅದು ಇರುವುದು ಮಾತ್ರ ನೀವು ತೋರಿಸಿದ ಜಾಗದಲ್ಲಲ್ಲ.

ನಿಮ್ಮ ವಾದ ಹೀಗಿದೆ. ಗ್ಲುಟಮೇಟ್ ಮೆದುಳಿನ ಮುಖ್ಯ ಪ್ರಚೋದಕ ರಾಸಾಯನಿಕ. ಪ್ರಯೋಗಾಲಯದಲ್ಲಿ ಬಳಸುವ ಡಿ-ಎಪಿ5 ಎಂಬ ವಸ್ತು ಅದನ್ನು ತಡೆಯುತ್ತದೆ. ತಡೆದರೆ ನೆನಪು ಅಳಿಸುತ್ತದೆ. ಐನ್‌ಮನೆಯ ಜಗಲಿಯಲ್ಲಿ ಕುಳಿತು ಮೊಮ್ಮಕ್ಕಳ ಹೆಸರು ಮರೆಯುತ್ತಿರುವ ನಿಮ್ಮ ಅಜ್ಜನ ಮೆದುಳಿನಲ್ಲಿಯೂ ಇಂಥದ್ದೇ ಏನೋ ನಡೆದಿರಬೇಕು. ಮೊದಲ ವಾಕ್ಯ ಸರಿ. ಉಳಿದ ಮೂರನ್ನೂ ಪ್ರಕಟಿಸಲಾರೆ.

ಡಿ-ಎಪಿ5 ಗ್ಲುಟಮೇಟನ್ನು ತಡೆಯುವುದಿಲ್ಲ. ನರಕೋಶದ ಮೇಲೆ ಗ್ಲುಟಮೇಟ್ ಬಂದು ಕೂರುವ ಹಲವು ಬಗೆಯ ರಿಸೆಪ್ಟರುಗಳಲ್ಲಿ (ಗ್ರಾಹಕಗಳಲ್ಲಿ) ಎನ್‌ಎಂಡಿಎ ಎಂಬ ಒಂದೇ ಬಗೆಯಲ್ಲಿ, ಗ್ಲುಟಮೇಟಿನ ಜಾಗವನ್ನು ತಾನು ಹಿಡಿದುಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಎಎಂಪಿಎ ರಿಸೆಪ್ಟರುಗಳನ್ನು ಅದು ಮುಟ್ಟುವುದಿಲ್ಲ. ನರಕೋಶದಿಂದ ನರಕೋಶಕ್ಕೆ ದಿನನಿತ್ಯದ ಸಂದೇಶ ಹೋಗುವುದು ಹೆಚ್ಚಾಗಿ ಆ ಎಎಂಪಿಎಗಳ ಮೂಲಕವೇ. ಈ ‘ಒಂದೇ ಬಗೆ’ ಎಂಬುದು ನಿಮ್ಮ ಲೇಖನದಲ್ಲಿ ಎಲ್ಲಿಯೂ ಇಲ್ಲ. ಬ್ರಿಸ್ಟಲ್‌ನ ಜೆಫ್ ವಾಟ್ಕಿನ್ಸ್ ಮತ್ತು ಸಂಗಡಿಗರು ಇಂಥ ವಸ್ತುಗಳನ್ನು ಹುಡುಕಿದ್ದೇ ಹೀಗೆ ಒಂದನ್ನೇ ಆಯ್ದು ತಡೆಯುವ ಗುಣಕ್ಕಾಗಿ. ಎಲ್ಲವನ್ನೂ ನಿಲ್ಲಿಸುವ ವಿಷದಿಂದ ಸಂಶೋಧಕನಿಗೆ ಏನೂ ತಿಳಿಯದು. ಒಂದನ್ನು ಮಾತ್ರ ನಿಲ್ಲಿಸಿ ಮಿಕ್ಕದ್ದನ್ನು ನಡೆಯಗೊಟ್ಟರೆ, ಆ ಒಂದರ ಕೆಲಸವೇನೆಂದು ಕೇಳಲು ಬರುತ್ತದೆ. ಅಂದಹಾಗೆ, ಹೆಸರಿನ ಮೊದಲಿಗಿರುವ ‘ಡಿ’ಯನ್ನು ನೀವು ಕೆಲವೆಡೆ ಬಿಟ್ಟಿದ್ದೀರಿ. ಅದೇ ಅಣುವಿನ ಕನ್ನಡಿಬಿಂಬವಾದ ‘ಎಲ್’ ರೂಪ ಬಹಳ ದುರ್ಬಲ. ಆ ಅಕ್ಷರವನ್ನು ಬಿಡಬೇಡಿ.

ಇನ್ನು ‘ಅಳಿಸುವ’ ಎಂಬ ಮಾತು. ನಿಮ್ಮ ಲೇಖನದ ಅತ್ಯುತ್ತಮ ಭಾಗವೇ ಇದನ್ನು ಸುಳ್ಳಾಗಿಸುತ್ತದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ತರಬೇತಿಗೆ ಇದ್ದಾಗ ಕಂಡದ್ದನ್ನು ಬರೆದಿದ್ದೀರಲ್ಲ: ಕೂದಲೆಳೆಯ ಕೆಲವು ಪಟ್ಟು ದಪ್ಪಕ್ಕೆ ಕತ್ತರಿಸಿದ ಇಲಿಯ ಹಿಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮೆದುಳಿನ ಭಾಗ), ಅದರ ಮೇಲೆ ಹರಿಯುವ ಉಪ್ಪುನೀರಿನಂಥ ದ್ರಾವಣ, ಆ ದ್ರಾವಣದಲ್ಲಿ ಸದಾ ಗುಳುಗುಳು ಎನ್ನುವ ಆಮ್ಲಜನಕ, ನರಕೋಶಗಳ ಪ್ರತಿಕ್ರಿಯೆಯಾಗಿ ಪರದೆಯ ಗೆರೆಯಲ್ಲಿ ಮೂಡುವ ಸಣ್ಣ ತಗ್ಗು. ಬಿರುಸಾದ ವಿದ್ಯುತ್ ಪ್ರಚೋದನೆ ಕೊಟ್ಟ ಮೇಲೆ ಆ ತಗ್ಗು ಆಳವಾಗಿ, ಗಂಟೆ ಕಳೆದರೂ ಹಾಗೇ ಉಳಿದದ್ದನ್ನು ನೋಡಿ ನೀವು ಊಟಕ್ಕೆ ಹೋಗುವುದನ್ನೇ ಮರೆತಿರಿ. ಓದುತ್ತಾ ನನಗೂ ಆ ಪರದೆ ಕಂಡಿತು. ಮೊದಲೇ ಡಿ-ಎಪಿ5 ಹರಿಸಿದ ತುಣುಕಿನಲ್ಲಿ ತಗ್ಗು ಆಳವಾಗಲಿಲ್ಲ ಎಂದೂ, ಆಳವಾದ ನಂತರ ಹರಿಸಿದಾಗ ಏನೂ ಬದಲಾಗಲಿಲ್ಲ ಎಂದೂ ನೀವೇ ದಾಖಲಿಸಿದ್ದೀರಿ. ಹಾಗಾದರೆ ಅಳಿಸಿದ್ದು ಏನನ್ನು? ನರಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುವ ಕ್ರಿಯೆ ಶುರುವಾಗದಂತೆ ಅದು ತಡೆಯಿತು, ಅಷ್ಟೆ. 1983ರಲ್ಲಿ ಕಾಲಿಂಗ್ರಿಜ್, ಕೆಹ್ಲ್ ಮತ್ತು ಮೆಕ್‌ಲೆನನ್ ಪ್ರಕಟಿಸಿದ ಮುಖ್ಯ ಸಂಗತಿಯೂ ಇದೇ. ಕಣ್ಣಾರೆ ಕಂಡದ್ದನ್ನು ಬಿಟ್ಟು ಶೀರ್ಷಿಕೆಯ ಆಕರ್ಷಣೆಯನ್ನು ನೀವು ನಂಬಿದಿರಿ.

ರಿಸೆಪ್ಟರ್ ಬೀಗ, ಗ್ಲುಟಮೇಟ್ ಕೀಲಿ ಎಂಬ ನಿಮ್ಮ ಉಪಮೆ ತೆಗೆಯಿರಿ. ಎನ್‌ಎಂಡಿಎ ರಿಸೆಪ್ಟರಿನ ಸೊಗಸೆಲ್ಲ ಆ ಉಪಮೆಯಾಚೆ ಇದೆ. ಗ್ಲುಟಮೇಟ್ ಬಂದು ಕೂತರಷ್ಟೇ ಸಾಲದು; ಸುಮ್ಮನಿರುವ ಕೋಶದಲ್ಲಿ ಆ ರಿಸೆಪ್ಟರಿನ ನಡುವಿನ ನಾಳದೊಳಗೆ ಮೆಗ್ನೀಸಿಯಂ ಅಯಾನು ಸಿಕ್ಕಿಕೊಂಡಿರುತ್ತದೆ. ಅದೇ ಹೊತ್ತಿಗೆ ಕೋಶವೂ ಉದ್ರೇಕಗೊಂಡಿದ್ದರೆ ಮಾತ್ರ ಮೆಗ್ನೀಸಿಯಂ ಹೊರಬಿದ್ದು ಕ್ಯಾಲ್ಸಿಯಂ ಒಳಗೆ ಬರುತ್ತದೆ. ಎರಡು ಕಡೆಯೂ ಏಕಕಾಲಕ್ಕೆ ಎಚ್ಚರವಾಗಿದ್ದರೆ ಮಾತ್ರ ತೆರೆಯುವ ದಾರಿ! 1984ರಲ್ಲಿ ಫ್ರಾನ್ಸ್ ಮತ್ತು ಅಮೆರಿಕದ ಎರಡು ತಂಡಗಳು ಈ ಮೆಗ್ನೀಸಿಯಂ ತಡೆಯನ್ನು ತೋರಿಸಿದವು. ಮೂರು ಪುಟದ ಲೇಖನದಲ್ಲಿ ಇದಕ್ಕೆ ಅರ್ಧ ಸಾಲು ಕೊಟ್ಟಿದ್ದೀರಿ. ಒಂದು ಪುಟವನ್ನೇ ಕೊಡಿ.

ನರವಿಜ್ಞಾನಿ ರಿಚರ್ಡ್ ಮಾರಿಸ್ ಅವರ 1986ರ ಪ್ರಯೋಗವನ್ನು ಸರಿಯಾಗಿ ಆರಿಸಿದ್ದೀರಿ, ಆದರೆ ಅರ್ಧ ಹೇಳಿದ್ದೀರಿ. ಕೊಳದ ಮಬ್ಬುನೀರಿನಡಿ ಅಡಗಿದ ಕಟ್ಟೆ ಎಲ್ಲಿದೆಯೆಂದು ಕಲಿಯಲು ಎಪಿ5 (ಇಲ್ಲಿ ಡಿ ಮತ್ತು ಎಲ್ ರೂಪಗಳ ಮಿಶ್ರಣ) ಪಡೆದ ಇಲಿಗಳು ತಡವರಿಸಿದವು, ನಿಜ. ಆದರೆ ಎಪಿ5 ಪಡೆದಿದ್ದರೂ ಇಲಿಗಳು ಕಣ್ಣಿಗೆ ಕಾಣುವ ಗುರುತುಗಳ ನಡುವಿನ ವ್ಯತ್ಯಾಸವನ್ನು ಕಲಿತವು. ಅದನ್ನು ಬಿಟ್ಟರೆ ಓದುಗನಿಗೆ ಸಿಗುವುದು ಮಂಕು ಹಿಡಿದ ಇಲಿಯ ಕಥೆ ಮಾತ್ರ. 1995ರಲ್ಲಿ ವಿಷಯ ಇನ್ನೂ ಜಟಿಲವಾಯಿತು: ಮೊದಲೇ ಬೇರೆ ಕೊಳದಲ್ಲಿ ಪಳಗಿದ್ದ ಇಲಿಗಳು ಎಪಿ5 ಇದ್ದರೂ ಹೊಸ ಕೊಳದ ಕಟ್ಟೆಯನ್ನು ಕಲಿತವು. ಇದು ನಿಮ್ಮ ವಾದಕ್ಕೆ ತೊಡಕು ಎಂದು ಹೆದರಬೇಡಿ. ತೊಡಕನ್ನು ಬರೆದರೆ ಓದುಗರು ನಿಮ್ಮನ್ನು ನಂಬುತ್ತಾರೆ.

ನಾನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ. ಕೊನೆಯ ಪುಟದಲ್ಲಿ ಅಜ್ಜನಿಗೆ ವೈದ್ಯರು ಕೊಟ್ಟ ಮಾತ್ರೆಯ ಹೆಸರನ್ನು ನೀವು ಹಾಗೇ ಬರೆದು ಮುಂದೆ ಹೋಗಿದ್ದೀರಿ: ಮೆಮಾಂಟಿನ್. ಅದೂ ಎನ್‌ಎಂಡಿಎ ರಿಸೆಪ್ಟರನ್ನೇ ತಡೆಯುವ ವಸ್ತು! ಗ್ಲುಟಮೇಟಿನ ಜಾಗದಲ್ಲಿ ಕೂರದೆ, ತೆರೆದ ನಾಳದೊಳಗೆ ಸಡಿಲವಾಗಿ ಸೇರಿ ಬೇಗ ಹೊರಬರುತ್ತದೆ. ಹಾಗಾಗಿ ಸಹಜ ಸಂದೇಶಗಳಿಗೆ ಅದರಿಂದ ಹೆಚ್ಚು ಅಡ್ಡಿಯಿಲ್ಲ ಎಂಬುದು ಸಾಮಾನ್ಯ ವಿವರಣೆ. ಆಲ್‌ಝೈಮರ್ ರೋಗಿಗಳಿಗೆ ಅಮೆರಿಕದಲ್ಲಿ 2003ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಕಾಯಿಲೆಯನ್ನು ಅದು ಗುಣಪಡಿಸುವುದಿಲ್ಲ, ಕೆಲವರಿಗೆ ಸ್ವಲ್ಪ ಅನುಕೂಲವಾಗುತ್ತದೆ. ಡಿ-ಎಪಿ5 ಔಷಧಿಯೇ ಅಲ್ಲ. ರಕ್ತದಿಂದ ಮೆದುಳಿಗೆ ಅದು ಸರಿಯಾಗಿ ದಾಟುವುದೂ ಇಲ್ಲ, ಅದಕ್ಕೇ ಮಾರಿಸ್ ಎಪಿ5ನ್ನು ನೇರವಾಗಿ ಇಲಿಗಳ ಮೆದುಳಿನ ಕುಹರಕ್ಕೆ ಹರಿಸಿದ್ದು.

ಈಗ ಯೋಚಿಸಿ. ಶನಿವಾರಸಂತೆಯಲ್ಲೋ ನಾಪೋಕ್ಲಿನಲ್ಲೋ ತಂದೆಗೆ ದಿನವೂ ಇದೇ ಮಾತ್ರೆ ಕೊಡುವ ಮಗಳೊಬ್ಬಳು ನಮ್ಮ ಪತ್ರಿಕೆ ಓದುತ್ತಾಳೆ. ಎನ್‌ಎಂಡಿಎ ತಡೆದರೆ ನೆನಪು ಅಳಿಸುತ್ತದೆಂದು ನೀವು ಬರೆದಿದ್ದೀರಿ. ಮಾತ್ರೆಯ ವಿವರಚೀಟಿಯಲ್ಲಿ ಅವಳಿಗೆ ಅದೇ ಅಕ್ಷರಗಳು ಕಾಣುತ್ತವೆ. ನಾಳೆಯಿಂದ ಅವಳು ಮಾತ್ರೆ ನಿಲ್ಲಿಸಿದರೆ ಹೊಣೆ ನಿಮ್ಮದೂ ನನ್ನದೂ ಹೌದು. ಅದೇ ಮಗಳಿಗೆ, ಒಂದೇ ರಿಸೆಪ್ಟರನ್ನು ತಡೆಯುವ ಎರಡು ವಸ್ತುಗಳು ಏಕೆ ಇಷ್ಟು ಬೇರೆ ಎಂದು ತಿಳಿಯುವಂತೆ ಹೇಳಿದರೆ, ಅಂಥ ಲೇಖನಕ್ಕೆ ನಾನು ಇಡೀ ಪುಟ ಬಿಡುತ್ತೇನೆ.

ಮನೆಮಾತು ಕೊಡವ ತಕ್ಕ್, ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ ಎಂದಿದ್ದೀರಿ. ಕ್ಷಮೆ ಬೇಡ. ಮನೆಯಲ್ಲೊಂದು ಮಾತಾಡಿ ಕನ್ನಡದಲ್ಲಿ ಬರೆಯುವವರು ಕೊಡಗಿನಲ್ಲಿ ಎಷ್ಟೊಂದು ಮಂದಿ. ಅಜ್ಜನ ಬಗ್ಗೆ ಬರೆದ ಸಾಲುಗಳಲ್ಲಿ ನಿಮ್ಮ ಕನ್ನಡ ಸಲೀಸಾಗಿ ಹರಿಯುತ್ತದೆ. ಇಂಗ್ಲಿಷ್ ಪಠ್ಯವನ್ನು ಪಕ್ಕಕ್ಕಿಟ್ಟುಕೊಂಡು ಬರೆದ ಕಡೆಗಳಲ್ಲಿ ಮಾತ್ರ ಕುಂಟುತ್ತದೆ.

ಮತ್ತೆ ಬರೆಯುವಾಗ ತುಣುಕಿನ ಪ್ರಯೋಗದಿಂದಲೇ ಆರಂಭಿಸಿ, ಮಾತ್ರೆಯ ಕಡೆಗೆ ಬನ್ನಿ. ಅಜ್ಜನ ಮರೆವಿಗೆ ಕಾರಣ ಹೇಳಲು ಹೋಗಬೇಡಿ, ಅದು ವೈದ್ಯರ ಕೆಲಸ. ಮಾತ್ರೆಯ ಬಗೆಗಿನ ಭಾಗವನ್ನು ನರರೋಗ ವೈದ್ಯರೊಬ್ಬರಿಗೆ ತೋರಿಸಿ, ಅವರ ಟಿಪ್ಪಣಿಯ ಜೊತೆಗೆ ಕಳುಹಿಸಿ. ಅಜ್ಜನ ವಿಷಯ ಅಚ್ಚಾಗಲು ಮನೆಯವರ ಒಪ್ಪಿಗೆಯನ್ನೂ ಕೇಳಿಕೊಳ್ಳಿ. ಶೀರ್ಷಿಕೆ ಬೇರೆಯದೇ ಇರಲಿ.

ನಿಮ್ಮ,
ಸಂಪಾದಕ, ವಿಜ್ಞಾನ ಪುಟ
ಮಡಿಕೇರಿ